ಮೂರು ನಿಮಿಷದ ಅಥೆನ್ಸು

ಗ್ರೀಸ್ ದೇಶವನ್ನು ನಾನು ಮೊದಲು ಕಂಡದ್ದು ಟ್ರೇಸಿಂಗ್ ಪೇಪರಿನ ಮೇಲೆ. ಮೈಸೂರಿನ ಕಾನ್ವೆಂಟಿನಲ್ಲಿ ಹಿಸ್ಟರಿ ಕಲಿಸುತ್ತಿದ್ದ ಸಿಸ್ಟರ್, ಅಟ್ಲಾಸಿನ ಮೇಲೆ ಆ ಪೇಪರ್ ಹರಡಿ ಕರಾವಳಿಯ ಗೆರೆ ಎಳೆಯಲು ಹೇಳಿದ್ದರು. ಕ್ರೋಶಾ ಲೇಸಿನ ಅಂಚಿನಂತೆ ಆ ಗೆರೆ ಒಳಗೆ ಹೊರಗೆ ಸುತ್ತುತ್ತಲೇ ಇತ್ತು. ನನ್ನ ಪೆನ್ಸಿಲಿನ ಮೊನೆ ಮೂರು ಸಲ ಮುರಿಯಿತು. "ಇಲ್ಲಿ ಒಂದೊಂದು ಕಣಿವೆಯೂ ಒಂದೊಂದು ದೇಶವಾಗಿತ್ತು, ಗರ್ಲ್ಸ್," ಎಂದರು ಸಿಸ್ಟರ್. ಅದು ಹೇಗೆ ಸಾಧ್ಯ? ಕೇಳೋಣವೆಂದು ಕೈ ಎತ್ತುವಷ್ಟರಲ್ಲಿ ಬೆಲ್ಲು ಹೊಡೆಯಿತು. ಮುಂದೆ ಹಿಸ್ಟರಿ ಆನರ್ಸ್ ಮಾಡಬೇಕೆಂದಿದ್ದೆ. ಅಪ್ಪ ಹೋಮ್ ಸೈನ್ಸಿಗೆ ಸೇರಿಸಿದರು. ವೆಲ್, ಆ ಕಾಲವೇ ಹಾಗಿತ್ತು.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಎಪ್ಪತ್ತಮೂರನೆಯ ವಯಸ್ಸಿನಲ್ಲಿ, 680 ಫ್ರೀವೇಯ ಪಕ್ಕದ ಈ ಊರಿನ ಕಮ್ಯುನಿಟಿ ಸೆಂಟರಿನ ಹಿಂಬದಿಯ ರೂಮಿನಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಮಗಳು "ಪ್ರೈವೆಸಿ ಅಮ್ಮಾ, ಪ್ರೈವೆಸಿ" ಎಂದು ಶುರುಮಾಡುತ್ತಾಳೆ. ನಾನು ಅವಳ ಮನೆಗೆ ಬಂದು ಆರು ವರ್ಷವಾಯಿತು. ಅದರಲ್ಲಿ ಐದು ವರ್ಷ ಮಂಗಳವಾರಕ್ಕೂ ಬುಧವಾರಕ್ಕೂ ನನಗೆ ವ್ಯತ್ಯಾಸವೇ ಇರಲಿಲ್ಲ. ಹೋದ ವರ್ಷ ಸೆಂಟರಿನಲ್ಲಿ ಹಿರಿಯರಿಗೆಂದು ಪ್ರಾಚೀನ ಗ್ರೀಸಿನ ಕ್ಲಾಸು ಆರಂಭವಾಯಿತು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ. ಅಂದಿನಿಂದ ನನ್ನ ವಾರಕ್ಕೆ ಒಂದು ತಲೆ, ಒಂದು ಬಾಲ ಬಂತು.

ಕಲಿಸುವಾಕೆ ರಿಟೈರಾದ ಹೈಸ್ಕೂಲ್ ಟೀಚರ್. ಬಿಳಿ ಕೂದಲು, ಓಡುವವರ ಶೂಸು, ಸೀಮೆಸುಣ್ಣ ಸಿಗದಿದ್ದರೂ ಸೀಮೆಸುಣ್ಣ ಹಿಡಿದಂತೆಯೇ ಬೆರಳು. ಎರಡನೆಯ ಕ್ಲಾಸಿನಲ್ಲಿ ಆಕೆ ಕೇಳಿದರು: "ಗ್ರೀಸಿನಲ್ಲಿ ಒಬ್ಬ ದೊಡ್ಡ ರಾಜ ಯಾಕೆ ಏಳಲಿಲ್ಲ? ನೂರಾರು ಪುಟ್ಟ ಊರುಗಳು, ಒಂದೊಂದಕ್ಕೂ ತನ್ನದೇ ಕಾನೂನು, ತನ್ನದೇ ನಾಣ್ಯ. ಯಾಕೆ?" ಆಕೆ ಹೋಗಿ ಕಿಟಕಿಯ ಬ್ಲೈಂಡ್ಸ್ ಮೇಲಕ್ಕೆಳೆದರು. "ಹೊರಗೆ ನೋಡಿ."

ಹೊರಗೆ ಜೂನ್ ತಿಂಗಳ ಬೆಟ್ಟಗಳು, ಹುರಿದ ರವೆಯ ಬಣ್ಣದವು. ಮಡಿಕೆಗಳಲ್ಲಿ ಅಲ್ಲೊಂದು ಇಲ್ಲೊಂದು ಓಕ್ ಮರ. ಪಾರ್ಕಿಂಗ್ ಲಾಟಿನ ಅಂಚಿಗೆ ಸಾಲಾಗಿ ಆಲಿವ್ ಗಿಡಗಳು. ಆ ಬೆಟ್ಟದಾಚೆ ಒಂದು ಊರು, ಈ ಬೆಟ್ಟದಾಚೆ ಇನ್ನೊಂದು. ಸ್ಯಾನ್ ರಮೋನಿಗೆ ತನ್ನದೇ ಕೌನ್ಸಿಲು, ವಾಲ್ನಟ್ ಕ್ರೀಕಿಗೆ ತನ್ನದೇ ಪೊಲೀಸು. ಒಂದೂರಿನವರು ಇನ್ನೊಂದೂರಿನ ಟ್ರಾಫಿಕ್ ಬಗ್ಗೆ ಆಡಿಕೊಳ್ಳುವುದಂತೂ ನಾನು ದಿನಾ ಕೇಳುವ ಮಾತು. ಬೆಟ್ಟ ಅಡ್ಡ ನಿಂತರೆ ಸೈನ್ಯ ಹೋಗುವುದು ಕಷ್ಟ, ನೆರೆಯೂರಿನ ಸುದ್ದಿಯೂ ತಡವಾಗಿ ಬರುತ್ತದೆ. ಪ್ರತಿ ಕಣಿವೆಯೂ ತನ್ನ ಜಗಳವನ್ನು ತಾನೇ ಬಗೆಹರಿಸಿಕೊಳ್ಳಬೇಕು. ಗ್ರೀಸಿನಲ್ಲೂ ಹಾಗೇ: ಎದುರಿಗೆ ಸಮುದ್ರ, ಹಿಂದೆ ಬೆಟ್ಟ, ನಡುವೆ ಒಂದಿಷ್ಟು ನೆಲ. ನನ್ನ ಟ್ರೇಸಿಂಗ್ ಪೇಪರಿನ ಗೆರೆಯೊಳಗೆ ಖಾಲಿ ಬಿಟ್ಟಿದ್ದ ಜಾಗ ಇದೇ! ನಾನು ಎದ್ದು ನಿಂತುಬಿಟ್ಟಿದ್ದೆ. "ಓ ಮೈ ಗುಡ್‌ನೆಸ್," ಎಂದು ಗಟ್ಟಿಯಾಗಿ ಅಂದೂಬಿಟ್ಟೆ.

ಪಕ್ಕದಲ್ಲಿ ಕೂತಿದ್ದ ನನ್ನ ಗೆಳತಿ ಸೆರಗು ಹಿಡಿದು ಜಗ್ಗಿದಳು. "ಕೂತ್ಕಳಿ ಮೇಡಮ್ಮೋರೆ. ಗುಡ್ಡ ಎಲ್ಲೂ ಓಡೋಗಕಿಲ್ಲ."

ಇವಳು ಮಂಡ್ಯದ ಕಡೆಯವಳು, ನನಗಿಂತ ಎರಡು ವರ್ಷ ಚಿಕ್ಕವಳು, ಪಾರ್ಕಿನಲ್ಲಿ ವಾಕಿಂಗಿಗೆ ಜೊತೆ. ಇಂಗ್ಲಿಷ್ ಅಷ್ಟಕ್ಕಷ್ಟೆ. ಕ್ಲಾಸಿಗೆ ಬಂದದ್ದು ಫ್ರೀ ಕಾಫಿಗೆ ಎಂದು ತಾನೇ ಹೇಳುತ್ತಿದ್ದಳು. ನಾನು ಪಿಸುದನಿಯಲ್ಲಿ ಕನ್ನಡ ಮಾಡಿ ಹೇಳಬೇಕು, ಅವಳು ಅದಕ್ಕೊಂದು ಷರಾ ಬರೆಯಬೇಕು. ಚೆದುರಿದ ಹಳ್ಳಿಗಳೆಲ್ಲ ಸೇರಿ, ನಡುವೆ ಒಂದು ಚೌಕ ಮಾಡಿಕೊಂಡು, ಒಂದೇ ಊರಾಗಿ ಬದುಕಲು ಒಪ್ಪಿಕೊಂಡದ್ದೇ ಪೋಲಿಸ್ ಎಂಬ ನಗರ-ರಾಜ್ಯದ ಹುಟ್ಟು ಎಂದು ಟೀಚರ್ ವಿವರಿಸಿದಾಗ ಇವಳು ತಲೆದೂಗಿದಳು. "ನಮ್ಮ ಕಟ್ಟೆಮನೆ ಇದ್ದಂಗೆ. ಏಳೂರು ಸೇರಿ ಒಂದ್ಕಡೆ ಕೂತು ನ್ಯಾಯ ಮಾಡೋದಪ್ಪ. ಇದುಕ್ಕೆ ಗ್ರೀಸ್ ತನಕ ಹೋಗ್ಬೇಕಾ?" ಇದನ್ನು ನಾನು ಇಂಗ್ಲಿಷಿಗೆ ತಿರುಗಿಸಿದಾಗ ಟೀಚರ್ ಬೋರ್ಡಿನ ಮೇಲೆ 'ಕಟ್ಟೆಮನೆ' ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದರು! ನನ್ನ ಗೆಳತಿ ಆಮೇಲೆ ಕಾಫಿ ಮುಟ್ಟುವುದನ್ನೇ ಮರೆತಳು.

ಆ ದಿನಗಳ ಉತ್ಸಾಹವನ್ನು ಹೇಗೆ ಹೇಳಲಿ? ವ್ಯಾಪಾರಕ್ಕೆ ಬಂದ ಫಿನೀಷಿಯನ್ನರಿಂದ ಅಕ್ಷರಗಳನ್ನು ಕಡ ತಂದು, ಅವಕ್ಕೆ ಸ್ವರಗಳನ್ನು ಸೇರಿಸಿಕೊಂಡರಂತೆ. ಅದೇ ಅಕ್ಷರದಲ್ಲಿ ಕಾನೂನನ್ನು ಕಲ್ಲಿನ ಮೇಲೆ ಕೆತ್ತಿ, ಓದಬಲ್ಲವರೆಲ್ಲ ಓದಲಿ ಎಂದು ಬಯಲಲ್ಲಿ ನಿಲ್ಲಿಸಿದರಂತೆ. ಅಲ್ಲಿಯವರೆಗೆ ಕಾನೂನು ದೊಡ್ಡವರ ಹೊಟ್ಟೆಯೊಳಗಿತ್ತು. ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕುತ್ತ ಮಗಳಿಗೆ ಇದನ್ನೆಲ್ಲ ವರದಿ ಒಪ್ಪಿಸುತ್ತಿದ್ದೆ. ಅವಳು ಮೀಟಿಂಗಿನ ಮಧ್ಯೆ ಮ್ಯೂಟ್ ಒತ್ತಿ, "ಅಮ್ಮ, ಸಾಸಿವೆ ಸೀದೋಗ್ತಿದೆ," ಎನ್ನುತ್ತಿದ್ದಳು.

ಮೆಟಿಕ್ ಎಂಬ ಪದ ಬಂದದ್ದು ಆರನೆಯ ವಾರ. ಬೇರೆ ಕಡೆಯಿಂದ ಬಂದು ಅಥೆನ್ಸಿನಲ್ಲಿ ನೆಲೆಸಿದವರು. ತೆರಿಗೆ ಕಟ್ಟಬೇಕು, ಯುದ್ಧ ಬಂದರೆ ಹೋಗಬೇಕು. ಆದರೆ ಸಭೆಯಲ್ಲಿ ಮಾತಾಡುವಂತಿಲ್ಲ. ಸಭೆ ಸೇರಿದಾಗ ಡಂಗುರದವನೊಬ್ಬ ಎದ್ದು, ಮಾತಾಡಬೇಕೆನ್ನುವವರು ಯಾರಿದ್ದೀರಿ ಎಂದು ಕೂಗಿ ಕೇಳುತ್ತಿದ್ದನಂತೆ. ಆ ಕೂಗು ಮೆಟಿಕ್ಕರಿಗಲ್ಲ. ಹೆಂಗಸರಿಗಂತೂ ಅಲ್ಲವೇ ಅಲ್ಲ.

"ಅಂದ್ರೆ ನಮ್ ತರ," ಎಂದಳು ಗೆಳತಿ. "ಗ್ರೀನ್ ಕಾರ್ಡು, ಅದರ ಮ್ಯಾಲೆ ಹೆಂಗ್ಸು. ನಿಮ್ಗೂ ನಂಗೂ ಡಬಲ್ ಬೀಗ."

ನನಗೆ ನಗು ಬಂತು, ಪೂರ್ತಿ ಬರಲಿಲ್ಲ.

ಅದರ ಮುಂದಿನ ವಾರ ನಮ್ಮ ರೂಮಿನ ಬಾಗಿಲಿಗೆ ಒಂದು ನೋಟೀಸು ಅಂಟಿಸಿದ್ದರು. ಹಿಂಬದಿಯ ರೂಮಿಗೂ ದೊಡ್ಡ ಹಾಲಿಗೂ ನಡುವಿನ ಮಡಚುವ ಗೋಡೆಯನ್ನು ತೆಗೆದು, ಇಡೀ ಜಾಗವನ್ನು ಪಿಕಲ್‌ಬಾಲ್ ಆಟಕ್ಕೆ ಕೊಡುವ ಪ್ರಸ್ತಾಪ. ಸಿಟಿ ಕೌನ್ಸಿಲ್ ಸೋಮವಾರ ಸಂಜೆ ತೀರ್ಮಾನಿಸುತ್ತದೆ. ಪಿಕಲ್‌ಬಾಲ್ ಎಂದರೆ ಟೆನಿಸ್ಸಿನ ತಂಗಿ, ಈ ಸೀಮೆಯ ಮುದುಕರಿಗೆಲ್ಲ ಅದರ ಹುಚ್ಚು. ಗೋಡೆ ಹೋದರೆ ನಮ್ಮ ಕ್ಲಾಸು ಹೋಯಿತು. ಬೇರೆ ರೂಮಿಲ್ಲ. ನಾವು ಇನ್ನೂ ಪರ್ಷಿಯನ್ನರವರೆಗೂ ಬಂದಿರಲಿಲ್ಲ!

ಟೀಚರ್ ಸಪ್ಪಗೆ ಹೇಳಿದರು: "ನಾನು ಸಿಟಿಯ ಸಂಬಳದವಳು, ನಾನೇ ಹೋಗಿ ಮಾತಾಡಿದರೆ ಚೆನ್ನಾಗಿರುವುದಿಲ್ಲ. ನಿಮ್ಮಲ್ಲಿ ಯಾರಾದರೂ ಹೋಗಬಹುದು." ಒಬ್ಬರಿಗೆ ಅಲಾಸ್ಕಾ ಕ್ರೂಸು, ಒಬ್ಬರಿಗೆ ಮಂಡಿ ಆಪರೇಷನ್ನು, ಉಳಿದವರು ನೆಲ ನೋಡಿದರು. ನಾನೂ ನೆಲ ನೋಡಿದೆ. 'ಯಾರಾದರೂ' ಎಂಬುದರಲ್ಲಿ ನಾನು ಸೇರಿಲ್ಲವೆಂದೇ ನನ್ನ ನಂಬಿಕೆ. ಸಿಟಿಜನ್‌ಶಿಪ್ಪಿಗೆ ಅರ್ಜಿ ಹೋಗಿತ್ತು, ಇಂಟರ್ವ್ಯೂ ಇನ್ನೂ ಬಂದಿರಲಿಲ್ಲ.

ಮನೆಯಲ್ಲಿ ಮಗಳ ಲ್ಯಾಪ್‌ಟಾಪಿನಲ್ಲಿ ಕೌನ್ಸಿಲಿನ ನಿಯಮಗಳನ್ನು ತೆಗೆಸಿ ಓದಿದೆ. ಸಾರ್ವಜನಿಕರು ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದು ಎಂದಿತ್ತು. ಎರಡು ಸಲ ಓದಿದೆ. ಸಿಟಿಜನ್ ಎಂಬ ಪದಕ್ಕಾಗಿ ಹುಡುಕಿದೆ. ಸಿಗಲಿಲ್ಲ.

"ಸಣ್ಣ ಅಕ್ಷರದಲ್ಲಿ ಎಲ್ಲಾದ್ರೂ ಇರತ್ತೆ ನೋಡೇ," ಎಂದೆ.

"ಇಲ್ಲ ಅಮ್ಮ. ಆದ್ರೂ... ಇಂಟರ್ವ್ಯೂ ಮುಂದಿದೆ. ಈಗ ಹೋಗಿ ಸಿಟಿ ವಿರುದ್ಧ ಮಾತಾಡೋದು, ಸುಮ್ನೆ ಯಾಕೆ ರಿಸ್ಕು?"

"ವಿರುದ್ಧ ಅಲ್ಲ. ಒಂದು ಗೋಡೆ ಪರ."

ವಾಕಿಂಗಿನಲ್ಲಿ ಗೆಳತಿಯೂ ಅದನ್ನೇ ಹೇಳಿದಳು. "ಬ್ಯಾಡಿ ಕಣ್ರೀ. ಹೆಸ್ರು ಬರ್ಕೊಂಡು ಮಡೀಕತ್ತಾರೆ. ನಾಳೆ ಇಂಟ್ರುವ್ಯೂನಾಗೆ, ಏನಮ್ಮಾ ಬೋ ಮಾತಾಡ್ತೀಯಂತೆ ಅಂದ್ರೆ?" ಸ್ವಲ್ಪ ದೂರ ನಡೆದ ಮೇಲೆ, "ಎಷ್ಟೊತ್ತಿಗೆ ಮೀಟಿಂಗು?" ಎಂದಳು.

"ಆರಕ್ಕೆ."

"ನಾನೂ ಬತ್ತೀನಿ. ಬಾಯಿ ಬಿಡಕಿಲ್ಲ. ಬತ್ತೀನಿ ಅಷ್ಟೆ."

ಸೋಮವಾರ ನಾನು ಫೈಲು ಸಿದ್ಧಮಾಡಿಕೊಂಡೆ. ಪಾಸ್‌ಪೋರ್ಟು, ಹಳೆಯ ಪಾಸ್‌ಪೋರ್ಟು, ಗ್ರೀನ್ ಕಾರ್ಡಿನ ಎರಡೂ ಬದಿ, ಬರ್ತ್ ಸರ್ಟಿಫಿಕೇಟು, ಅದರ ನೋಟರಿ ಮಾಡಿಸಿದ ಇಂಗ್ಲಿಷ್ ತರ್ಜುಮೆ, ವಿಳಾಸಕ್ಕೆ ಮಗಳ ಮನೆಯ ಕರೆಂಟ್ ಬಿಲ್ಲು, ಎಲ್ಲವೂ ಮೂರು ಮೂರು ಪ್ರತಿ. ಕವರಿನಲ್ಲಿ ಆರು ಪಾಸ್‌ಪೋರ್ಟ್ ಸೈಜ್ ಫೋಟೋ. ಸರ್ಕಾರ ಇರುವ ಕಟ್ಟಡಕ್ಕೆ ಇವಿಲ್ಲದೆ ಹೋಗುವುದು ಹೇಗೆಂದು ನಮ್ಮ ತಲೆಮಾರಿನವರಿಗೆ ತಿಳಿಯದು. ಕಾರಿನಲ್ಲಿ ಮಗಳು ಅದನ್ನು ನೋಡಿ, "ಅಮ್ಮ, ವೀಸಾ ಇಂಟರ್ವ್ಯೂನಾ ಇದು?" ಎಂದಳು. ಹಿಂದಿನ ಸೀಟಿನಿಂದ ಗೆಳತಿ ತನ್ನ ಫೈಲನ್ನೂ ಎತ್ತಿ ತೋರಿಸಿದಳು. ಬಾಯಿ ಬಿಡದವಳಿಗೂ ದಾಖಲೆ ಬೇಕಲ್ಲ!

ಕೌನ್ಸಿಲ್ ಹಾಲಿನಲ್ಲಿ ಇನ್ನೂ ಹಗಲು ಬೆಳಕಿತ್ತು. ಅರ್ಧಚಂದ್ರದ ಮೇಜಿನ ಹಿಂದೆ ಐದು ಜನ. ಅವರೆದುರು ಕುರ್ಚಿಗಳಲ್ಲಿ ಪಿಕಲ್‌ಬಾಲಿನವರು ಒಂದೇ ಬಣ್ಣದ ಟೀಶರ್ಟಿನಲ್ಲಿ, ಎರಡು ಸಾಲು ತುಂಬ. ನಮ್ಮ ಕಡೆ ಸೀರೆ ಎರಡು, ಜೀನ್ಸ್ ಒಂದು.

ಬಾಗಿಲ ಬಳಿಯ ಕ್ಲರ್ಕಿನ ಮುಂದೆ ಫೈಲು ಬಿಚ್ಚಿ ಜೋಡಿಸತೊಡಗಿದೆ. ಆಕೆ ಕರೆಂಟ್ ಬಿಲ್ಲನ್ನು ನೋಡಿದಳು, ಫೋಟೋಗಳನ್ನು ನೋಡಿದಳು, ನನ್ನನ್ನು ನೋಡಿದಳು. "ಇದೇನೂ ಬೇಡ, ಮ್ಯಾಮ್," ಎಂದು ಅಂಗೈಯಗಲದ ಒಂದು ಹಳದಿ ಕಾರ್ಡು ಮುಂದಿಟ್ಟಳು. "ಯಾವ ವಿಷಯ ಅಂತ ಬರೆಯಿರಿ. ಹೆಸರು ಬರೆಯಬೇಕೆಂದಿದ್ದರೆ ಬರೆಯಿರಿ."

"ನಾನು ಸಿಟಿಜನ್ ಅಲ್ಲ," ಎಂದೆ. ತಪ್ಪೊಪ್ಪಿಕೊಂಡಂತೆಯೇ ಅಂದೆ.

"ನಾನು ಅದನ್ನ ಕೇಳೇ ಇಲ್ವಲ್ಲ," ಎಂದಳು ಆಕೆ ಇಂಗ್ಲಿಷಿನಲ್ಲಿ, ನಗುತ್ತ.

ಹಳದಿ ಕಾರ್ಡಿನ ಮೇಲೆ ನನ್ನ ಹೆಸರನ್ನು ಪೂರ್ತಿ ಬರೆದೆ, ಅಪ್ಪನ ಹೆಸರಿನ ಇನಿಷಿಯಲ್ ಸಮೇತ. ಅಥೆನ್ಸಿನಲ್ಲಿ ಯಾವ ಮೆಟಿಕ್ ಹೆಂಗಸಿಗೂ ಸಿಗದ ಕಾರ್ಡು ಅದು.

ಐದನೆಯ ವಿಷಯ ಬಂತು. ಪಿಕಲ್‌ಬಾಲಿನ ನಾಲ್ವರು ಮಾತಾಡಿದರು: ಕಾಯುವ ಸಾಲು ಉದ್ದವಾಗಿದೆ, ಆಟದಿಂದ ಬಿ.ಪಿ. ಇಳಿದಿದೆ, ಹೊರಗೆ ಬಿಸಿಲು ಜಾಸ್ತಿ. ಎಲ್ಲವೂ ನಿಜವೇ. ಕೇಳುತ್ತ ಕೇಳುತ್ತ ನಾನು ಬರೆದು ತಂದಿದ್ದ ಭಾಷಣ ಸಪ್ಪೆಯಾಗಿ ಕಂಡಿತು. ಆಮೇಲೆ ನನ್ನ ಹೆಸರು. ಮೇಯರಮ್ಮ ಅದನ್ನು ತಪ್ಪಾಗಿ ಉಚ್ಚರಿಸಿದರು, ಆದರೂ ಅದು ನನ್ನದೇ.

ಮೈಕಿನ ಪಕ್ಕ ಮೂರು ಪುಟ್ಟ ದೀಪ: ಹಸಿರು, ಹಳದಿ, ಕೆಂಪು. ನಮ್ಮ ಕಡೆ ಮುಹೂರ್ತಕ್ಕೆ ಗಳಿಗೆ ಬಟ್ಟಲು ಇಡುತ್ತಿದ್ದರು, ಅಥೆನ್ಸಿನ ಕೋರ್ಟಿನಲ್ಲೂ ನೀರಿನ ಗಡಿಯಾರವಿತ್ತು, ಇಲ್ಲಿ ದೀಪ. ಹಸಿರು ಹತ್ತಿತು. ಕಾಗದ ಮಡಚಿದೆ.

ಕಾನ್ವೆಂಟಿನ ಇಂಗ್ಲಿಷ್ ಎಲ್ಲಿ ಅಡಗಿತ್ತೋ, ನೆಟ್ಟಗೆ ಎದ್ದು ಬಂತು. ನಾನು ಹೇಳಿದ್ದು ಇಷ್ಟು: ಒಂದು ಕಣಿವೆಯ ಜನ ತಮ್ಮ ಕೆಲಸವನ್ನು ತಾವೇ ಮಾತಾಡಿ ತೀರ್ಮಾನಿಸಬಹುದೆಂದು ಕಂಡುಕೊಂಡದ್ದು ಹೇಗೆ ಎಂಬುದನ್ನು ನಾವು ಆ ರೂಮಿನಲ್ಲಿ ಕಲಿಯುತ್ತಿದ್ದೇವೆ. ನೀವು ಐವರು ಈ ಮೇಜಿನ ಹಿಂದೆ ಇವತ್ತು ಮಾಡುತ್ತಿರುವುದೂ ಅದನ್ನೇ. ಗ್ರೀಕರಿಗೆ ಆಟ ಬೇಡವಾಗಿರಲಿಲ್ಲ. ಪ್ರಾಣ ಬಿಡುತ್ತಿದ್ದರು ಆಟಕ್ಕೆ. ಆದರೆ ಅವರು ಕುಸ್ತಿ ಆಡುವ ಜಾಗದ ಪಕ್ಕದಲ್ಲೇ ಕಂಬದ ನೆರಳಲ್ಲಿ ಕೂತು ಹರಟಿದರು, ಕಲಿಸಿದರು. ಒಂದನ್ನು ಒಡೆದು ಇನ್ನೊಂದನ್ನು ಕಟ್ಟಲಿಲ್ಲ. ನಿಮ್ಮ ಗೋಡೆ ಮಡಚುವ ಗೋಡೆ. ಮಡಚಿ, ಬಿಡಿಸಿ! ಹತ್ತರವರೆಗೆ ಆಟ, ಹತ್ತರಿಂದ ಹನ್ನೆರಡು ನಾವು, ಆಮೇಲೆ ಮತ್ತೆ ಆಟ. ವಾರಕ್ಕೆ ಒಂದು ದಿನ, ಎರಡು ಗಂಟೆ—

"ಕೆಂಪು ಹತ್ತಕತ್ತು ಕಣ್ರವ್ವೋ, ಮುಗ್ಸಿ!" ಹಿಂದಿನಿಂದ ಗೆಳತಿಯ ಕೂಗು. ಬಾಯಿ ಬಿಡಕಿಲ್ಲ ಎಂದವಳು.

ಇಡೀ ಹಾಲು ತಿರುಗಿ ನೋಡಿತು. "ಥ್ಯಾಂಕ್ ಯೂ," ಎಂದು ನಾನು ಅಲ್ಲಿಗೇ ನಿಲ್ಲಿಸಿದೆ. ಮೇಯರಮ್ಮ ಮುಂದಕ್ಕೆ ಬಾಗಿ, "ಒಂದು ಪ್ರಶ್ನೆ," ಎಂದರು. ದಾಖಲೆ ಕೇಳುತ್ತಾರೆಂದುಕೊಂಡು ನಾನು ಫೈಲಿಗಾಗಿ ಹಿಂದಕ್ಕೆ ತಿರುಗಿದೆ. "ಗೋಡೆ ಎಳೆಯುವುದಕ್ಕೆ ಎಷ್ಟು ಹೊತ್ತು ಬೇಕು?"

"ನಾಲ್ಕು ನಿಮಿಷ," ಎಂದೆ. "ಪ್ರತಿ ವಾರ ನಾವೇ ಎಳೆಯೋದು."

ಪಿಕಲ್‌ಬಾಲಿನ ಮುಂದಿನ ಸಾಲಿನಿಂದ ಒಬ್ಬ ಎತ್ತರದ ಮುದುಕ ಕೂತಲ್ಲಿಂದಲೇ ಹೇಳಿದ: "ಹತ್ತಕ್ಕೆ ನಾವೆಲ್ಲ ಹೇಗೂ ಕಾಫಿಗೆ ಹೋಗಿರ್ತೀವಿ." ನಗು ಎದ್ದಿತು. ಕೈಗಳು ಮೇಲೆದ್ದವು: ಗೋಡೆಯ ಪರ ನಾಲ್ಕು, ವಿರುದ್ಧ ಒಂದು. ಗೋಡೆ ಉಳಿಯಿತು. ಮಂಗಳವಾರ ಉಳಿಯಿತು.

ಬಂದು ಕುರ್ಚಿಯಲ್ಲಿ ಕೂತೆ. ಗೆಳತಿ ನನ್ನ ಮಂಡಿಯನ್ನು ಗುದ್ದಿ ಗುದ್ದಿ, "ಎಂಗೆ! ಎಂಗೆ!" ಎಂದಳು. ಮಗಳ ಕಣ್ಣು ಒದ್ದೆಯಾಗಿತ್ತು, ಫೋನು ನೋಡುವಂತೆ ನಟಿಸುತ್ತಿದ್ದಳು.

"ಸರಿ, ಹೊರಡೋಣ್ವಾ?" ಎಂದು ಎದ್ದಳು.

ಮುಂದಿನ ವಿಷಯವನ್ನು ಓದುತ್ತಿದ್ದರು. ಲೈಬ್ರರಿಯ ಮುಂದಿನ ರಸ್ತೆಯಲ್ಲಿ ನಡೆದು ದಾಟುವವರ ಸಿಗ್ನಲ್ಲು ಎಷ್ಟು ಸೆಕೆಂಡು ಇರಬೇಕು ಎಂಬುದು. ಈಗಿರುವಷ್ಟರಲ್ಲಿ ನನ್ನಂಥವಳು ನಡುರಸ್ತೆಯನ್ನು ಮಾತ್ರ ತಲುಪಬಹುದು.

"ಅಮ್ಮ? ಅದು ಟ್ರಾಫಿಕ್ ಐಟಂ."

"ಗೊತ್ತು ಕಣೇ," ಎಂದೆ, ಮತ್ತು ಇನ್ನೊಂದು ಹಳದಿ ಕಾರ್ಡು ಕೇಳಲು ಕ್ಲರ್ಕಿನ ಕಡೆ ನಡೆದೆ.