ಬಿತ್ತಿದವರ ಹೆಸರು ಬರೆಯುವ ಜಾಗ

ಬೆಳೆಯ ಬೆಲೆ ನೆಲಕಚ್ಚಿದಾಗ ಬಿತ್ತಿದವರಿಗೆ ಸರ್ಕಾರ ತುಂಬಿಕೊಡುವ ಸಹಾಯಧನದ ಇಲಾಖೆಯಲ್ಲಿ ಕಡತ ಬಲ್ಲವರು ಬಹಳ ಮಂದಿ ಆಗಿಹೋಗಿದ್ದಾರೆ; ಆದರೆ ಕಡತದ ಹಿಂದಿನ ಹೊಲವನ್ನೂ ಹೊಲದ ಹಿಂದಿನ ಮನುಷ್ಯರನ್ನೂ ಬಲ್ಲವರೆಂದರೆ, ಮುಖಸ್ತುತಿಯೆಂದು ಯಾರು ಮೂಗು ಮುರಿದರೂ ಚಿಂತೆಯಿಲ್ಲ, ಕಳೆದ ತಿಂಗಳು ನಿವೃತ್ತರಾದ ನಮ್ಮ ಹಿರಿಯ ಕ್ಷೇತ್ರಾಧಿಕಾರಿಗಳೇ. ಬಿತ್ತಿದ ನೆಲವನ್ನು ಅಳೆಯುವುದು ಅವರ ಕೆಲಸವಾದ್ದರಿಂದ ರೈತರ ಬಾಯಲ್ಲಿ ಅವರು ‘ಅಳತೆ ಸಾಹೇಬರು’.

ಮೂವತ್ತೈದು ವರ್ಷಗಳ ಹಿಂದೆ ಅವರು ಸೇವೆಗೆ ಸೇರಿದರು. ಮಗ ದಡ ಸೇರಿದನೆಂಬ ನೆಮ್ಮದಿಯಲ್ಲಿ, ಮೊಣಕಾಲು ಸೋತಿದ್ದ ತಂದೆ ಅದೇ ವರ್ಷ ಹೊಳೆದಂಡೆಯ ಹೊಲವನ್ನು ಮಾರಿಬಿಟ್ಟರು. ಮೊದಲ ಹಂಗಾಮಿನ ಅರ್ಜಿಗಳನ್ನು ತುಂಬುತ್ತ ಕುಳಿತವರ ಕೈಗೆ ಆ ಹೊಲದ ಅರ್ಜಿಯೂ ಬಂತು. ಗಡಿ, ವಿಸ್ತೀರ್ಣ ಎಲ್ಲ ಬಾಯಿಪಾಠ. ‘ಬಿತ್ತಿದವರ ಹೆಸರು’ ಎಂಬಲ್ಲಿ ಕೈ ತನ್ನಷ್ಟಕ್ಕೆ ತಾನೇ ಅವರದೇ ಹೆಸರನ್ನು ಬರೆಯಿತು, ಅರ್ಜಿ ಮೇಲಿನ ಕಚೇರಿಗೂ ಹೋಯಿತು.

ಹೊಲ ಕೊಂಡ ಹೆಂಗಸಿನ ಸಹಾಯಧನ ಅಲ್ಲೇ ನಿಂತಿತು. ಆಕೆ ಕೆಂಡವಾಗಿ ಬಂದರು.

“ಬಿತ್ತಿದ್ದು ನಾನು, ಬೆವರು ಸುರಿಸಿದ್ದು ನಾನು, ಹೆಸರು ಮಾತ್ರ ನಿಮ್ದಾ?”

ಸಾಹೇಬರು ನಾಲಿಗೆ ಕಚ್ಚಿಕೊಂಡರು. “ತಪ್ಪಾಯ್ತಮ್ಮ. ಅದು ನಮ್ಮಪ್ಪನ ಹೊಲ.” ಆಕೆ ಅರ್ಜಿ ತಿದ್ದಿಸಿಕೊಂಡು ಹೋದರು.

ಅಂದಿನಿಂದ ಅವರು ಆ ಜಾಗವನ್ನು ತಮ್ಮ ಕೈಯಿಂದ ತುಂಬಲೇ ಇಲ್ಲ. ಅರ್ಜಿಯನ್ನು ರೈತರ ಕಡೆ ತಿರುಗಿಸಿ, ಪೆನ್ನು ಕೊಟ್ಟು, “ನಿಮ್ಮ ಹೆಸರು ನೀವೇ ಬರೀರಿ” ಎನ್ನುವುದು ಅವರ ಪದ್ಧತಿಯಾಯಿತು. ಗಂಡ ಪೆನ್ನಿಗೆ ಕೈಚಾಚಿದಾಗ, ಹಿಂದೆ ನಿಂತಿದ್ದ ಹೆಂಡತಿಯ ಒಡೆದ ಅಂಗೈ ನೋಡಿ, “ಬಿತ್ತಿದ್ದು ಯಾರಮ್ಮ?” ಎಂದು ಪೆನ್ನನ್ನು ಅವಳತ್ತ ಚಾಚಿದ್ದುಂಟು. ಆಕೆ ಅಕ್ಷರ ಅಕ್ಷರ ಕೂಡಿಸಿ ಬರೆಯುವಷ್ಟು ಹೊತ್ತು, ಸರದಿಯವರು ಎಷ್ಟೇ ಗೊಣಗಿದರೂ, ಕಾದದ್ದೂ ಉಂಟು.

ಇಲಾಖೆಯವರು ಸಹಾಯಧನದ ನೆಲದಲ್ಲಿ ಸಾಗುವಳಿ ಮಾಡುವಂತಿಲ್ಲವೆಂಬುದು ನಿಯಮ. ಹಾಗಾಗಿ ತಂದೆಯ ಹೊಲವನ್ನು ಅವರು ವರ್ಷವರ್ಷವೂ ಅಳೆದರೇ ಹೊರತು ಒಂದು ಕಾಳು ಬಿತ್ತಲಿಲ್ಲ. ಅಲ್ಲಿಗೆ ಹೊರಟ ದಿನ ಅವರ ಮುಖ ಅರಳುತ್ತಿತ್ತು. “ಏನ್ರೀ, ಸವತಿ ಮನೆಗೆ ಹೊರಟ್ರಾ?” ಎಂದು ಮಡದಿ ಛೇಡಿಸಿದರೆ ನಕ್ಕುಬಿಡುವರು. ಒಮ್ಮೆ ಅಳೆದರೆ ಸಾಕಾಗುವ ಬದುವನ್ನು ಎರಡು ಸಲ ಸುತ್ತಿ ಬರುವರು. ಆ ನೆಲದ ಆಸೆ ಅವರನ್ನು ಬಿಡಲೇ ಇಲ್ಲ, ಪಾಪ.

ಕೊನೆಯ ಅಳತೆಯ ದಿನ ಅವರು ಧೈರ್ಯ ಮಾಡಿ, ಈಗ ಮುದುಕಿಯಾಗಿರುವ ಆ ಒಡತಿಯನ್ನು ಕೇಳಿದರು.

“ಅಮ್ಮ, ಹೊಲ ನನಗೆ ಗುತ್ತಿಗೆಗೆ ಕೊಡ್ತೀರಾ?”

“ಅಯ್ಯೋ, ಅಳಿಯನಿಗೆ ಮಾತು ಕೊಟ್ಬಿಟ್ಟಿದ್ದೀನಲ್ಲಪ್ಪಾ!”

ಸಾಹೇಬರು ಅಳತೆಪಟ್ಟಿ ಸುತ್ತತೊಡಗಿದರು. ಸುತ್ತಿದ್ದನ್ನೇ ಮತ್ತೆ ಬಿಚ್ಚಿ ಸುತ್ತಿದರು. ನೋಡಿದ ಆಕೆಗೆ ಕರುಳು ಚುರುಕ್ಕೆಂದಿರಬೇಕು. “ಬಾವಿ ಮಗ್ಗುಲಲ್ಲಿ ಅರ್ಧ ಎಕರೆ ಇದೆಯಲ್ಲ, ಅಷ್ಟು ಮಾಡ್ಕೊಳ್ಳಿ. ಅಳಿಯನ ಹತ್ರ ನಾನ್ ಮಾತಾಡ್ತೀನಿ” ಎಂದರು.

ಕಳೆದ ವಾರ ಅವರು ಕಚೇರಿಗೆ ಬಂದರು. ನಾವೆಲ್ಲ ಎದ್ದು ಕುರ್ಚಿ ಕೊಟ್ಟರೂ ಕೂರದೆ, ಮುಂದಿನ ಹಂಗಾಮಿನ ಅರ್ಜಿ ಹಿಡಿದು ಸರದಿಯಲ್ಲೇ ನಿಂತರು. ಕೌಂಟರಿನಲ್ಲಿದ್ದವಳು ಅವರೇ ಕೆಲಸ ಕಲಿಸಿದ ಹುಡುಗಿ.

“ಯಾವ ಬೆಳೆ ಸರ್?”

ಸಾವಿರಾರು ಜನರನ್ನು ಅದೇ ಪ್ರಶ್ನೆ ಕೇಳಿದ್ದ ಮನುಷ್ಯ ತಬ್ಬಿಬ್ಬಾದರು. “ಅದನ್ನ ಇನ್ನೂ ಯೋಚ್ನೆನೇ ಮಾಡಿಲ್ವಲ್ಲಮ್ಮ!”

ಅವಳು ನಗಲಿಲ್ಲ. ಅರ್ಜಿಯನ್ನು ಅವರ ಕಡೆ ತಿರುಗಿಸಿ, ಪೆನ್ನು ಕೊಟ್ಟು, “ನಿಮ್ಮ ಹೆಸರು ನೀವೇ ಬರೀರಿ ಸರ್” ಎಂದಳು. ಅವರು ಅಕ್ಷರ ಅಕ್ಷರ ಕೂಡಿಸಿ ಬರೆದರು. ಸರದಿಯಲ್ಲಿ ಯಾರೂ ಗೊಣಗಲಿಲ್ಲ.

ಪೂಜ್ಯರಾದ ಸಾಹೇಬರು ನೂರು ವರ್ಷ ಗಟ್ಟಿಮುಟ್ಟಾಗಿರಲಿ, ಪ್ರತಿ ಹಂಗಾಮಿಗೂ ಅದೇ ಸರದಿಯಲ್ಲಿ ನಿಲ್ಲುವಂತಾಗಲಿ. ಅವರು ಬಿತ್ತಲಿ, ಅಳೆಯಲು ನಾವು ಬರುತ್ತೇವೆ, ಬದುವನ್ನು ಎರಡು ಸಲ ಸುತ್ತುತ್ತೇವೆ.