ಅತನೂರಿನ ಅಂಬುಬಾಯಿ ಹುಡುಕುವ ದೇವರು

ಬೆಳಕು ಹರಿಯುವ ಹೊತ್ತು. ಅತನೂರಿನ ಓಣಿಗಳು ಖಾಲಿ. ಕಾಲರಾಕ್ಕೆ ಹೆದರಿದ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದಾರೆ. ಮಹಾದೇವಪ್ಪನ ಅಂಗಳದಲ್ಲಿ ಮಾತ್ರ ಒಲೆ ಉರಿಯುತ್ತಿದೆ. ಸುದ್ದಿ ಕೇಳಿ ಬಂದ ಕೂಲಿ ಹೆಂಗಸು ಅಂಬುಬಾಯಿ ಉಪ್ಪು ಹಾಕಿದ ಜೋಳದ ಗಂಜಿಯ ತಿಳಿಯನ್ನು ಬಟ್ಟೆಯಲ್ಲಿ ಸೋಸುತ್ತಿದ್ದಾಳೆ. ಒಳಗೆ ಮಹಾದೇವಪ್ಪ ನಿನ್ನೆಯಿಂದ ವಾಂತಿ, ಭೇದಿಯಲ್ಲಿ ಬಸವಳಿದು ಬಿದ್ದಿದ್ದಾನೆ. ಅಫಜಲಪುರದ ಡಾಕ್ಟರರನ್ನು ಕರೆತರಲು ಹೋದ ಬಂಡಿ ಇನ್ನೂ ಬಂದಿಲ್ಲ. ಕಾಲರಾದ ಸುದ್ದಿ ಬರೆದುಕೊಳ್ಳಲು ಬಂದ ನಾನು ಅಂಗಳದ ಮೂಲೆಯಲ್ಲಿ ಕೂತಿದ್ದೇನೆ.

ಬಾಗಿಲಲ್ಲಿ ಬಡಿಗೆ ಹಿಡಿದು ನಿಂತವನು ರೋಗಿಯ ತಮ್ಮ ಹಣಮಂತ್ರಾಯ. "ಒಳಗ ಕಾಲಿಡಬ್ಯಾಡ. ಕಿರಸ್ತಾನಾದಾಕಿ ಕೈಯಾಗಿನ ನೀರು ನಮ್ಮಣ್ಣನ ಬಾಯಿಗಿ ಬೀಳಬಾರ್ದು."

"ಹಂಗಾದ್ರ ನೀವ ಕುಡಸ್ರಿ," ಎಂದು ಅಂಬುಬಾಯಿ ಬಟ್ಟಲು ಮುಂದೆ ಚಾಚುತ್ತಾಳೆ. "ನಾ ಇಲ್ಲೇ ಕೂಡ್ತೇನಿ."

ಹಣಮಂತ್ರಾಯ ಬಟ್ಟಲು ಮುಟ್ಟುವುದಿಲ್ಲ. ರೋಗದ ಭಯ ಅವನಿಗೂ ಇದೆ.

ನಾಲ್ಕು ವರ್ಷದ ಹಿಂದೆ ಅಂಬುಬಾಯಿಯ ಒಬ್ಬನೇ ಮಗ ಇದೇ ರೋಗಕ್ಕೆ ಹೋದ. ಹರಕೆ ಹೊತ್ತ ಯಾವ ದೇವರೂ ಓಗೊಡಲಿಲ್ಲ. ಜೇವರ್ಗಿಯ ಮಿಶನ್ ಮನೆಗೆ ನಡೆದುಹೋಗಿ, ಅಲ್ಲಿ ಸುವಾರ್ತೆ ಹೇಳುತ್ತಿದ್ದ ದೇವೀಂದ್ರಪ್ಪನನ್ನು ಕೇಳಿದಳು: "ನಿಮ್ಮ ದೇವರು ಎಲ್ಲಿ ಅದಾನ್ರಿ? ನನಗ ಮಾತಾಡೋದದ." ಆತ ಹೇಳಿದ್ದು ಇಷ್ಟೇ: "ಕೇಳೋದು ಬಿಡಬ್ಯಾಡವ್ವ." ಅಲ್ಲೇ ಉಳಿದಳು. ರೋಗಿಗಳ ಬಟ್ಟೆ ಒಗೆದಳು, ಗಂಜಿ ಕುಡಿಸುವುದನ್ನು ಕಲಿತಳು, ದೀಕ್ಷಾಸ್ನಾನ ಪಡೆದು ಊರಿಗೆ ಮರಳಿದಳು.

ಮರಳಿದ ವಾರವೇ ಬಾವಿಕಟ್ಟೆಯಲ್ಲಿ ಅವಳ ಕೊಡ ಒಡೆಸಿದವನು ಈಗ ಒಳಗೆ ಮಲಗಿರುವ ಮಹಾದೇವಪ್ಪ. ಅಂದಿನಿಂದ ಅವಳು ಹಳ್ಳದಲ್ಲಿ ಒರತೆ ತೋಡಿ ನೀರು ತರುತ್ತಾಳೆ. ಈ ಗಂಜಿಯೂ ಆ ನೀರಿನದೇ.

ಒಳಗಿನಿಂದ ನರಳಾಟ ಕೇಳುತ್ತದೆ. ಹೆಂಡತಿ ರೇವಮ್ಮ ಹೊರಗೆ ಧಾವಿಸಿ ಬರುತ್ತಾಳೆ. "ನೀನೂ ಒಳಗ ಬರಂಗಿಲ್ಲ, ಆಕಿನೂ ಬಿಡಂಗಿಲ್ಲ. ನಿಮ್ಮಣ್ಣ ಸಾಯ್ಲೇನು?" ಎಂದು ಮೈದುನನ ಬಡಿಗೆಯನ್ನು ಕಿತ್ತು ಅಂಗಳಕ್ಕೆ ಎಸೆಯುತ್ತಾಳೆ. "ಬಾ ಬೇ ಅಂಬುಬಾಯಿ, ಲಗೂ ಬಾ."

ಮಹಾದೇವಪ್ಪ ಗುಳಿಬಿದ್ದ ಕಣ್ಣು ತೆರೆದು, ಬಂದವಳ ಗುರುತು ಹಿಡಿದು, ಗೋಡೆಯತ್ತ ಮುಖ ತಿರುಗಿಸುತ್ತಾನೆ. ತುಟಿ ಬಿಗಿದಿದೆ. ಅಂಬುಬಾಯಿ ಚಮಚ ಹಿಡಿದು ಕೂತೇ ಇದ್ದಾಳೆ. ಕೊನೆಗೆ ಬಾಯಾರಿಕೆಯೇ ಗೆಲ್ಲುತ್ತದೆ. ಕುಡಿದದ್ದನ್ನು ಕಾರಿಕೊಳ್ಳುತ್ತಾನೆ. ಅವಳು ಒರೆಸಿ ಮತ್ತೆ ಕುಡಿಸುತ್ತಾಳೆ. ಮತ್ತೆ ಕಾರುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಕೈಕಾಲು ತಣ್ಣಗಾಗಿ, ರೇವಮ್ಮ ಗಂಡನ ಪಾದ ತಿಕ್ಕುತ್ತ ಅಳತೊಡಗುತ್ತಾಳೆ.

"ಖರೇ ಹೇಳ್ತೇನ್ರಿ," ಎಂದು ಆಮೇಲೆ ಅಂಬುಬಾಯಿ ನನಗೆ ಹೇಳುತ್ತಾಳೆ. "ಮುಖಾ ತಿರುಗಿಸಿದಾಗ, ಸಾಯ್ಲಿ ಬಿಡು ಅನಿಸ್ತು. ನನಗ ನಂದೇ ಅಂಜಿಕಿ ಬಂತು. ಎಲ್ಲಿದ್ದಿ ಯಪ್ಪಾ, ಈಗರ ಬಾ ಅಂತ ದೇವರನ್ನ ಕರದೆ. ಏನೂ ಕೇಳಿಸಲಿಲ್ಲ. ಚಮಚಾ ಮಾತ್ರ ಕೆಳಗ ಇಡಲಿಲ್ರಿ."

ಹೊತ್ತು ಇಳಿಯುವಾಗ ಗಂಜಿ ಒಳಗೆ ನಿಲ್ಲತೊಡಗುತ್ತದೆ. ನಿನ್ನೆಯಿಂದ ನಿಂತಿದ್ದ ಮೂತ್ರ ಸಂಜೆ ರೋಗಿಗೆ ಹೋಗುತ್ತದೆ. "ಇನ್ನ ಅಂಜಬ್ಯಾಡವ್ವ, ಉಳಿತಾರ," ಎಂದು ಅಂಬುಬಾಯಿ ಅನ್ನುತ್ತಲೇ ರೇವಮ್ಮ ಅವಳ ಹೆಗಲಿಗೆ ಒರಗಿ ಬಿಕ್ಕುತ್ತಾಳೆ. ಹಣಮಂತ್ರಾಯ ಒಂದು ಹೊರೆ ಕಟ್ಟಿಗೆ ತಂದು, ಯಾರ ಮುಖವನ್ನೂ ನೋಡದೆ ಒಲೆಯ ಬಳಿ ಇಡುತ್ತಾನೆ.

ಡಾಕ್ಟರರ ಬಂಡಿ ಇನ್ನೂ ಇಲ್ಲ; ಅಷ್ಟರಲ್ಲಿ ಚೌಡಾಪುರದ ರಸೂಲ ಬಂಡಿ ಕಟ್ಟಿಕೊಂಡು ಬಂದಿದ್ದಾನೆ. ಅವನ ಹೆಂಡತಿ ಗೌಸಿಯಾಬೇಗಂಗೆ ವಾಂತಿ ಶುರುವಾಗಿದೆ. ಅಂಬುಬಾಯಿ ಉಪ್ಪಿನ ಗಂಟು ಸೊಂಟಕ್ಕೆ ಸಿಕ್ಕಿಸಿ ಬಂಡಿ ಹತ್ತುತ್ತಾಳೆ. ದೇವರು ಸಿಕ್ಕನೇ ಎಂದು ಕೇಳುತ್ತೇನೆ.

ಅವಳು ಬಂಡಿಯ ಗೂಟ ಹಿಡಿದು ನನ್ನತ್ತ ತಿರುಗುತ್ತಾಳೆ.

"ಒಂದ ಸಲ ಅವನೇ ನನ್ನ ಹೆಸರು ಹಿಡದು ಕರೀಬೇಕಂತ ಆಸೆ ಅದ್ರಿ. ಅಲ್ಲಿತನಕ ನಾನೇ ಕರೀತಿರ್ತೇನಿ."