ಎಣ್ಣೆ ಪಂಪಿನ ವಾಲ್ವ್

ಕೊರೊನಾ ಕಳೆದು ಕಾಲೇಜುಗಳು ಮತ್ತೆ ಮೊದಲಿನಂತೆ ನಡೆಯತೊಡಗಿದ ವರ್ಷ ನಾನು ಸುರಪುರದ ಒಂದು ಪದವಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪ್ರಯೋಗಾಲಯ ಸಹಾಯಕನಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಸಗರದಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಮೂವತ್ತು ವರ್ಷ ಫಾರ್ಮಾಲಿನ್ ವಾಸನೆ ಕುಡಿದವನಿಗೆ ತನಗೆಲ್ಲ ಗೊತ್ತು ಎಂಬ ಸೊಕ್ಕು ಬಂದಿರುತ್ತದೆ. ನನಗೂ ಬಂದಿತ್ತು.

ನನ್ನ ಕೈಕೆಳಗೆ ಮೆಹಬೂಬ ಎಂಬ ಅಟೆಂಡರ್ ಇದ್ದ. ಮೂವತ್ತೆಂಟರ ಆಸುಪಾಸು, ಇಬ್ಬರು ಹೆಣ್ಣುಮಕ್ಕಳ ತಂದೆ. ಒಂಬತ್ತು ವರ್ಷದಿಂದ ಗುತ್ತಿಗೆಯ ಮೇಲೆಯೇ ದುಡಿಯುತ್ತಿದ್ದ. ಆ ವರ್ಷ ಗುತ್ತಿಗೆಯವರಲ್ಲಿ ಒಬ್ಬರನ್ನು ಕಾಯಂ ಮಾಡುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿತ್ತು. ಪ್ರಾಚಾರ್ಯರ ಪಟ್ಟಿಯಲ್ಲಿ ಮೊದಲ ಹೆಸರು ಅವನದೇ. ಈ ಸುದ್ದಿ ಅವನಿಗೆ ಹೇಳಿದವನೂ ನಾನೇ. ಅವತ್ತು ಅವನು ಇಡೀ ವಿಭಾಗಕ್ಕೆ ಮಿರ್ಚಿ ಭಜಿ ತಂದು ಹಂಚಿದ.

ವಿಭಾಗದ ಬಾಗಿಲಲ್ಲೇ ನಾಲ್ಕು ಅಡಿ ಉದ್ದದ ಅಕ್ವೇರಿಯಂ ಇತ್ತು. ಒಳಗೆ ಹನ್ನೊಂದು ಮೀನು. ಅದರಲ್ಲೊಂದು ಮುದಿ ಗೌರಾಮಿ ಮೆಹಬೂಬನ ಬೆರಳು ಕಂಡರೆ ಸಾಕು, ಮೇಲೆ ಬಂದು ಬಾಯಿ ತೆರೆಯುತ್ತಿತ್ತು. ನಾನು ಬೆರಳಿಟ್ಟರೆ ಬರುತ್ತಿರಲಿಲ್ಲ.

ನೀರು ಶುದ್ಧ ಮಾಡಲು ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಕ್ಯಾನಿಸ್ಟರ್ ಫಿಲ್ಟರ್ ಇಟ್ಟಿದ್ದೆವು. ಅದು ಮುಚ್ಚಳವಿರುವ ಒಂದು ಡಬ್ಬಿ. ಒಂದು ಪೈಪಿನಲ್ಲಿ ತೊಟ್ಟಿಯ ನೀರು ಅದಕ್ಕೆ ಇಳಿಯುತ್ತದೆ, ಸ್ಪಂಜಿನಲ್ಲಿ ಸೋಸಿ ಇನ್ನೊಂದು ಪೈಪಿನಲ್ಲಿ ಮೇಲಕ್ಕೆ ಹೋಗುತ್ತದೆ. ತೊಳೆಯಲು ಡಬ್ಬಿ ಬಿಚ್ಚಬೇಕಾದರೆ ಎರಡೂ ಪೈಪುಗಳ ವಾಲ್ವ್ ಮುಚ್ಚಬೇಕು. ಇಲ್ಲವಾದರೆ ತೊಟ್ಟಿಯ ನೀರೆಲ್ಲ ನೆಲಕ್ಕೆ. ನಮ್ಮ ಫಿಲ್ಟರಿನ ವಾಲ್ವುಗಳು ಎಂದೋ ಮುರಿದಿದ್ದವು, ಬಿಡಿಭಾಗ ಯಾದಗಿರಿಯಲ್ಲೂ ಸಿಗಲಿಲ್ಲ. ಪ್ರತಿ ಸಲ ನಾನು ಪೈಪುಗಳನ್ನು ಮಡಚಿ ಹಿಡಿಯುವುದು, ಮೆಹಬೂಬ ಬಕೆಟ್ಟು ಹಿಡಿದು ಓಡಾಡುವುದು. ಒಮ್ಮೆ ಬಿ.ಎಸ್ಸಿ. ಹುಡುಗರ ರೆಕಾರ್ಡ್ ಪುಸ್ತಕಗಳು ಒಂದು ಕಟ್ಟು ಪೂರ್ತಿ ತೊಯ್ದು ತೊಪ್ಪೆಯಾದವು.

ಕೊನೆಗೆ ಮೆಹಬೂಬ, "ಸರ, ನಾವೇ ಮಾಡೂಣ್ರಿ" ಎಂದ. ಅವನ ತಂದೆ ಪಂಪು, ಸ್ಟೋವ್ ರಿಪೇರಿ ಮಾಡುತ್ತಿದ್ದವರು. ಕೈಗುಣ ಅಲ್ಲಿಂದ ಬಂದಿತ್ತು. ಶಹಾಪುರದ ಕೃಷಿ ಸಾಮಗ್ರಿ ಅಂಗಡಿಯಿಂದ ಹನಿ ನೀರಾವರಿಯ ಹದಿನಾರು ಮಿಲಿಮೀಟರಿನ ಪುಟ್ಟ ಕಾಕ್ ವಾಲ್ವ್ ತಂದು ಮೊದಲು ಕೂಡಿಸಿದ. ಅದರ ಒಳರಂಧ್ರ ಸಣ್ಣದು, ನೀರಿನ ಹರಿವು ಅರ್ಧಕ್ಕಿಳಿಯಿತು. ಮತ್ತೆ ಹೋಗಿ ಅರ್ಧ ಇಂಚಿನ ಎರಡು ಪಿವಿಸಿ ಬಾಲ್ ವಾಲ್ವ್ ತಂದ. ಪ್ರತಿಯೊಂದರ ಎರಡೂ ತುದಿಗೆ ಪೈಪು ಹಿಡಿಯುವ ನಿಪ್ಪಲ್ ತಿರುಗಿಸಿ, ಟೆಫ್ಲಾನ್ ಟೇಪ್ ಸುತ್ತಿ, ಸ್ಟೀಲ್ ಕ್ಲ್ಯಾಂಪ್ ಬಿಗಿದ. ಕೂಡಿಸುವ ಮುಂಚೆ, ಹೊಸ ಪ್ಲಾಸ್ಟಿಕ್ಕಿನ ವಾಸನೆ ಹೋಗಲೆಂದು, ಎರಡು ದಿನ ಬಕೆಟ್ಟಿನಲ್ಲಿ ನೆನೆಸಿಟ್ಟು ನೀರು ಬದಲಿಸಿದ. ಎಂಟು ತಿಂಗಳು ಒಂದು ಹನಿ ಸೋರಲಿಲ್ಲ. ಬಂದವರಿಗೆಲ್ಲ ನಾನು, "ನಾವು ಮಾಡಿದ್ದು" ಎಂದು ತೋರಿಸುತ್ತಿದ್ದೆ.

ಕಾಲೇಜಿನ ಪರಿಶೀಲನೆಗೆ ಸಮಿತಿ ಬರುವುದು ಸೋಮವಾರ. ಶನಿವಾರ ಮಧ್ಯಾಹ್ನ ಒಂದು ವಾಲ್ವಿನ ಹಿಡಿಕೆ ಬುಡಸಮೇತ ಕಿತ್ತು ಬಂತು, ನೀರು ಜಿನುಗತೊಡಗಿತು. ಶಹಾಪುರದ ಅಂಗಡಿಗೆ ಫೋನ್ ಮಾಡಿದರೆ ಸ್ಟಾಕ್ ಸೋಮವಾರ ಬರುತ್ತದೆ ಎಂದರು. ನನಗೆ ಮನೆಯ ಅಟ್ಟದ ಮೇಲಿದ್ದ ಹಳೆಯ ಎಣ್ಣೆ ಪಂಪು ನೆನಪಾಯಿತು. ನಮ್ಮ ಕಡೆ ಹತ್ತಿಗೆ ಹೊಡೆಯುವ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು. ಆ ಪಂಪಿನ ವಾಲ್ವ್ ಅಳತೆಗೆ ಸರಿಯಾಗಿತ್ತು. ಸೋಪಿನ ಪುಡಿ ಹಾಕಿ ಮೂರು ಸಲ ತೊಳೆದು ಭಾನುವಾರ ಕಾಲೇಜಿಗೆ ಒಯ್ದೆ.

ಮೆಹಬೂಬ ಅದನ್ನು ಮೂಗಿಗೆ ಹಿಡಿದ.

"ಸರ, ಇದು ಎಣ್ಣಿ ಪಂಪಿಂದು ಅದ. ಬ್ಯಾಡ್ರಿ."

"ಮೂರು ಸರ್ತಿ ತೊಳ್ದೀನೋ ಮಾರಾಯಾ. ಕೂಡಿಸು."

"ಒಂದಿನ ಫಿಲ್ಟರ್ ಬಂದ್ ಇಟ್ರ ಏನಾಗ್ತದ್ರಿ? ಮೀನೇನ್ ಸಾಯಂಗಿಲ್ಲ."

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಸಮಿತಿಯವರ ಎದುರು ತೊಟ್ಟಿಯ ನೀರು ಕನ್ನಡಿಯ ಹಾಗಿರಬೇಕು ಎಂದು ಪ್ರಾಚಾರ್ಯರಿಗೆ ನಾನು ಮಾತು ಕೊಟ್ಟಿದ್ದೆ. "ನನಗ ಕಲಿಸಾಕ ಬರಬ್ಯಾಡ" ಎಂದು ಗದರಿದೆ. ಅವನು ಕೂಡಿಸಿದ.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಹನ್ನೊಂದೂ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನೀರು ಮಾತ್ರ ಕನ್ನಡಿಯ ಹಾಗೇ ಇತ್ತು. ಮೆಹಬೂಬ ಬರಿಗೈಯಿಂದಲೇ ಗೌರಾಮಿಯನ್ನು ಎತ್ತಿಕೊಂಡು ನಿಂತಿದ್ದ. ಅಷ್ಟರಲ್ಲಿ ಪ್ರಾಚಾರ್ಯರು ಬಂದರು. ಸಮಿತಿಯ ಕಾರು ಗೇಟಿನಲ್ಲಿತ್ತು.

"ಈ ವಾಲ್ವ್ ಕೂಡಿಸಿದವರು ಯಾರು?"

ಮೆಹಬೂಬ ನನ್ನ ಮುಖ ನೋಡಿದ.

"ಮೆಹಬೂಬ, ಸರ್" ಎಂದೆ ನಾನು.

ಸುಳ್ಳಲ್ಲ. ಕೂಡಿಸಿದವನು ಅವನೇ. ಈ ಮಾತನ್ನು ಆಮೇಲೆ ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ಅವತ್ತು ಸಂಜೆ ವಾಲ್ವನ್ನು ಬಿಚ್ಚಿ ಬ್ಯಾಗಿನಲ್ಲಿ ಹಾಕಿಕೊಂಡು ಮನೆಗೆ ತಂದೆ. ಒಳಗಿನ ರಬ್ಬರ್ ವಾಷರ್ ಕಿತ್ತು ಬಕೆಟ್ ನೀರಿನಲ್ಲಿ ಹಾಕಿ, ಕಾಲುವೆಯಿಂದ ಹಿಡಿದು ತಂದ ಎರಡು ಸಣ್ಣ ಮೀನು ಬಿಟ್ಟೆ. ಪಕ್ಕದಲ್ಲೇ ಬರೀ ನೀರಿನ ಇನ್ನೊಂದು ಬಕೆಟ್ಟಿನಲ್ಲಿ ಎರಡು. ಬೆಳಗಾಗುವುದರೊಳಗೆ ವಾಷರ್ ಇದ್ದ ಬಕೆಟ್ಟಿನವು ಸತ್ತಿದ್ದವು, ಇನ್ನೊಂದರಲ್ಲಿದ್ದವು ಓಡಾಡುತ್ತಿದ್ದವು. ಎಷ್ಟೋ ವರ್ಷ ಹಳೆಯದಾದ ಎಣ್ಣೆ ರಬ್ಬರಿನ ಒಳಗೆ ಕೂತಿತ್ತು, ಸೋಪು ಮುಟ್ಟಿದ್ದು ಮೇಲಷ್ಟೇ. ಅಚ್ಚುಕಟ್ಟಾದ ಪ್ರಯೋಗ. ಫಲಿತಾಂಶವನ್ನು ನಾನು ಯಾರಿಗೂ ಹೇಳಲಿಲ್ಲ.

ಮುಂದಿನ ತಿಂಗಳು ಪಟ್ಟಿಯಿಂದ ಅವನ ಹೆಸರು ಹೋಯಿತು. ಜೂನ್‌ನಲ್ಲಿ ಗುತ್ತಿಗೆಯೂ ಮುಂದುವರಿಯಲಿಲ್ಲ. ಕಾರಣ, ಬೇಜವಾಬ್ದಾರಿತನ. ಕೊನೆಯ ದಿನ ಅವನು ಕಪಾಟಿನ ಕೀಲಿಗಳನ್ನು ನನ್ನ ಟೇಬಲ್ಲಿನ ಮೇಲಿಟ್ಟು, "ಬರ್ತೀನ್ರಿ ಸರ" ಎಂದಷ್ಟೇ ಹೇಳಿ ಹೋದ. ಎರಡು ವರ್ಷದ ಮೇಲೆ ನನಗೆ ಶಾಲು ಹೊದಿಸಿ, ಪ್ರಾಮಾಣಿಕ ಸೇವೆ ಎಂದು ಹೊಗಳಿ ಕಳುಹಿಸಿದರು. ನಾಚಿಕೆಯಿಲ್ಲದೆ ಹೊದ್ದುಕೊಂಡೆ.

ಹೋದ ವರ್ಷ ಅವನನ್ನು ಹುಡುಕಿಕೊಂಡು ಶಹಾಪುರಕ್ಕೆ ಹೋದೆ. ಪಂಪು ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದ. ಒಂದು ಮೂಲೆಯಲ್ಲಿ ಅಕ್ವೇರಿಯಂ ಸಾಮಾನು, ಬಕೆಟ್ಟಿನಲ್ಲಿ ನೆನೆಯುತ್ತಿದ್ದ ಹೊಸ ವಾಲ್ವುಗಳು. ಕುರ್ಚಿ ಒರೆಸಿ ಕೂರಿಸಿ ಚಹಾ ತರಿಸಿದ. ನಾನು ವಾಷರಿನ ವಿಷಯ, ಎರಡು ಬಕೆಟ್ಟಿನ ವಿಷಯ ಎಲ್ಲ ಹೇಳಿದೆ.

"ಗೊತ್ತದರಿ ಸರ. ಆ ವಾಸನಿ ನನಗ ಸಣ್ಣಂವ ಇದ್ದಾಗಿಂದ ಗೊತ್ತು."

"ಮತ್ತ ಅವತ್ತ ಪ್ರಾಚಾರ್ಯರ ಮುಂದ ಯಾಕ ಹೇಳ್ಲಿಲ್ಲೋ?"

"ನೀವು ಹೇಳ್ತೀರಂತ ನಿಂತಿದ್ನಿರಿ."

ನಾನು ಚಹಾದ ಲೋಟ ಕೆಳಗಿಟ್ಟೆ. ಆಮೇಲೆ, ಆಡಳಿತ ಮಂಡಳಿಗೆ ಎಲ್ಲ ಬರೆದು ಸಹಿ ಮಾಡಿ ಕೊಡುತ್ತೇನೆ ಎಂದೆ. ಅವನು ಬಕೆಟ್ಟಿನಿಂದ ಒಂದು ವಾಲ್ವ್ ತೆಗೆದು ನೀರು ಝಾಡಿಸಿದ.

"ಈಗ ಬ್ಯಾಡ್ರಿ. ಈಗ ಬರದ್ರ ನಿಮಗ ನಿದ್ದಿ ಬರ್ತದ. ನನಗೇನ್ ಬರ್ತದ್ರಿ?"

ಅಷ್ಟರಲ್ಲಿ ಗಿರಾಕಿ ಬಂದ, ಅವನು ಎದ್ದು ಹೋದ. ನಾನು ಚಹಾ ಮುಗಿಸಿ ಬಸ್ ಸ್ಟ್ಯಾಂಡಿಗೆ ನಡೆದೆ.

ಕಂಡದ್ದನ್ನು ಕಂಡ ಹಾಗೆ, ಕಂಡಾಗಲೇ ಬರೆಯಿರಿ ಎಂದು ಮೂವತ್ತು ವರ್ಷ ಹುಡುಗರಿಗೆ ಹೇಳಿದವನು ನಾನು. ಕಂಡಾಗಲೇ ಎಂಬುದರ ಅರ್ಥ ನನಗೆ ತಿಳಿದದ್ದು ನೌಕರಿ ಮುಗಿದ ಮೇಲೆ. ತಪ್ಪು ಒಪ್ಪಿಕೊಂಡರೆ ಇನ್ನೊಬ್ಬನಿಗೆ ಉಪಯೋಗವಾಗುವ ಹೊತ್ತು ಬಹಳ ಸಣ್ಣದು. ಪ್ರಾಚಾರ್ಯರು ಪ್ರಶ್ನೆ ಕೇಳಿದ ಮೇಲೆ, ಕೈಯಲ್ಲಿ ಸತ್ತ ಮೀನು ಹಿಡಿದುಕೊಂಡು ಮೆಹಬೂಬ ನನ್ನ ಮುಖ ನೋಡಿದನಲ್ಲ, ನನಗಿದ್ದದ್ದು ಅಷ್ಟೇ ಹೊತ್ತು.